78 ಕಂಪ್ಯೂಟರು, 11ರಲ್ಲಿ ಮಾತ್ರ ತಂತ್ರಾಂಶ: ಸೈಲೆಂಟ್ ಇನ್‌ಸ್ಟಾಲ್ ಎಡವಿದ್ದೆಲ್ಲಿ?

ಪ್ರಶ್ನೆ: ನಮ್ಮ ಕಚೇರಿಯ ಮುಖ್ಯ ಕಟ್ಟಡದಲ್ಲಿ 64, ಶಾಖೆಯಲ್ಲಿ 14 ವಿಂಡೋಸ್ ಕಂಪ್ಯೂಟರುಗಳಿವೆ. ಮುಖ್ಯ ಕಟ್ಟಡದ ನೆಟ್‌ವರ್ಕ್ ಒಂದು ಗಿಗಾಬಿಟ್ ವೇಗದ್ದು. ಶಾಖೆಗೆ ಇರುವುದು 50 ಎಂಬಿಪಿಎಸ್ ಲೈನ್. ಸುಮಾರು 6 ಜಿಬಿ ಗಾತ್ರದ ವಿನ್ಯಾಸ ತಂತ್ರಾಂಶವೊಂದನ್ನು ಎಲ್ಲದರಲ್ಲೂ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸರ್ವರಿನ ಶೇರ್ಡ್ ಫೋಲ್ಡರಿನಲ್ಲಿ ಸೆಟಪ್ ಇಟ್ಟು, ಕಂಪ್ಯೂಟರು ಶುರುವಾಗುವಾಗ ಓಡುವಂತೆ ಗ್ರೂಪ್ ಪಾಲಿಸಿಯಲ್ಲಿ (ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ನಿಯಮ ಹಾಕುವ ವಿಂಡೋಸ್ ವ್ಯವಸ್ಥೆ) ಸ್ಟಾರ್ಟಪ್ ಸ್ಕ್ರಿಪ್ಟ್ ಹಾಕಿದೆ. ಮಾರನೆಯ ದಿನ ನೋಡಿದರೆ ಮುಖ್ಯ ಕಟ್ಟಡದಲ್ಲಿ 11 ಯಂತ್ರಗಳಲ್ಲಿ ಮಾತ್ರ ಸರಿಯಾಗಿ ಕೂತಿತ್ತು. ಅವೆಲ್ಲ ಬೆಳಿಗ್ಗೆ ಬೇಗ ಬರುವವರ, ಎಸ್‌ಎಸ್‌ಡಿ ಇರುವ ಹೊಸ ಯಂತ್ರಗಳು. ಉಳಿದವುಗಳಲ್ಲಿ ಕೆಲವು ಅರ್ಧಕ್ಕೆ ನಿಂತಿವೆ, ಕೆಲವು ಬಹಳ ಹೊತ್ತು ಲಾಗಿನ್ ಪರದೆಯನ್ನೇ ತೋರಿಸಲಿಲ್ಲ. ಶಾಖೆಯಲ್ಲಿ ಒಂದೂ ಆಗಿಲ್ಲ. ಎಲ್ಲಿ ಏನಾಗಿದೆ ಎಂದು ತಿಳಿಯಲು ಸ್ಕ್ರಿಪ್ಟಿನಿಂದ ತಂತ್ರಾಂಶಗಳ ಪಟ್ಟಿ ತೆಗೆಸಿದಾಗ ಯಂತ್ರಗಳು ಇನ್ನೂ ನಿಧಾನವಾದವು. ಯಾರನ್ನೂ ಏನೂ ಕೇಳದೆ ತಾನಾಗಿ ನಡೆಯುವ ಸೈಲೆಂಟ್ ಇನ್‌ಸ್ಟಾಲನ್ನು ನಂಬುವುದಕ್ಕಾಗದು, ಪೆನ್‌ಡ್ರೈವ್ ಹಿಡಿದು ಒಂದೊಂದೇ ಮೇಜಿಗೆ ಹೋಗಿ ಎನ್ನುತ್ತಾರೆ ನಮ್ಮ ಮುಖ್ಯಸ್ಥರು. ನನಗೆ ಎರಡು ದಾರಿ ತೋಚುತ್ತಿದೆ: ಹತ್ತು ಗಿಗಾಬಿಟ್ ಸ್ವಿಚ್ ಕೊಳ್ಳುವುದು, ಇಲ್ಲವೇ ಎಲ್ಲರಿಗೂ ಎರಡು ದಿನ ಅಡ್ಮಿನ್ ಹಕ್ಕು ಕೊಟ್ಟು ಅವರವರೇ ಹಾಕಿಕೊಳ್ಳಲು ಹೇಳುವುದು. ಯಾವುದು ಸರಿ?

ಉತ್ತರ: ನಿಮ್ಮ ಪ್ರಶ್ನೆಯೊಳಗೇ ರೋಗದ ಗುರುತು ಇದೆ. ಬೇಗ ಬಂದವರ ಹೊಸ ಯಂತ್ರಗಳಲ್ಲಿ ಆಗಿದೆ, ತಡವಾಗಿ ಬಂದವರದರಲ್ಲಿ ಆಗಿಲ್ಲ, ಶಾಖೆಯಲ್ಲಂತೂ ಒಂದರಲ್ಲೂ ಆಗಿಲ್ಲ ಎಂದು ನೀವು ಗಮನಿಸಿ ಬರೆದಿರುವುದರಿಂದ, ತಂತ್ರಾಂಶದ ಪ್ಯಾಕೇಜ್ ಕೆಟ್ಟಿಲ್ಲ, ನಿಮ್ಮ ಸೈಲೆಂಟ್ ಆಜ್ಞೆಯೂ ತಪ್ಪಿಲ್ಲ, ಸಮಯ ಸಾಲದೆ ಹೋಗಿದೆ ಎಂದು ಸಾಕಷ್ಟು ಧೈರ್ಯವಾಗಿಯೇ ಹೇಳಬಹುದು. ಗ್ರೂಪ್ ಪಾಲಿಸಿಯ ಸ್ಕ್ರಿಪ್ಟುಗಳಿಗೆ ವಿಂಡೋಸ್ ಒಂದು ಗಡುವು ಇಟ್ಟಿದೆ. ಬೇರೆ ಏನನ್ನೂ ನಿಗದಿಪಡಿಸದಿದ್ದರೆ ಆ ಗಡುವು 600 ಸೆಕೆಂಡು, ಅಂದರೆ ಹತ್ತು ನಿಮಿಷ. ಅಷ್ಟರಲ್ಲಿ ಸ್ಕ್ರಿಪ್ಟ್ ಮುಗಿಯದಿದ್ದರೆ ವಿಂಡೋಸ್ ಅದನ್ನು ಅಲ್ಲಿಗೇ ನಿಲ್ಲಿಸಿ, ಈವೆಂಟ್ ಲಾಗಿನಲ್ಲಿ ಒಂದು ದೋಷವನ್ನು ಬರೆದು ಮುಂದಕ್ಕೆ ಹೋಗುತ್ತದೆ. ಈಗ ಶಾಖೆಯ ಲೆಕ್ಕ ಹಾಕಿ ನೋಡಿ. 6 ಜಿಬಿ ಎಂದರೆ 48,000 ಮೆಗಾಬಿಟ್. ಇಡೀ 50 ಎಂಬಿಪಿಎಸ್ ಲೈನನ್ನು ಒಂದೇ ಯಂತ್ರಕ್ಕೆ ಬಿಟ್ಟುಕೊಟ್ಟರೂ ಅದು ಸಾಗಿ ಬರಲು 960 ಸೆಕೆಂಡು, ಅಂದರೆ 16 ನಿಮಿಷ ಬೇಕು. ಹತ್ತು ನಿಮಿಷದ ಗಡುವಿನೊಳಗೆ ಶಾಖೆಯ ಯಾವ ಯಂತ್ರವೂ ಮುಗಿಸುವುದು ಸಾಧ್ಯವೇ ಇರಲಿಲ್ಲ. ಹದಿನಾಲ್ಕೂ ಒಟ್ಟಿಗೆ ಎಳೆಯತೊಡಗಿದರೆ ಸಾಗಣೆಗೇ ಸುಮಾರು ಮೂರು ಮುಕ್ಕಾಲು ಗಂಟೆ ಹಿಡಿಯುತ್ತದೆ, ಅದೂ ಆ ಹೊತ್ತಿನಲ್ಲಿ ಬೇರೆ ಯಾರೂ ಆ ಲೈನನ್ನು ಬಳಸದಿದ್ದರೆ.

ಮುಖ್ಯ ಕಟ್ಟಡದ ಕಥೆ ಸ್ವಲ್ಪ ಬೇರೆ. ಒಂದು ಗಿಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಾಗುತ್ತದೆ ಎಂದಿಟ್ಟುಕೊಂಡರೆ ಒಂದೇ ಯಂತ್ರಕ್ಕೆ 6 ಜಿಬಿ ಮುಟ್ಟಲು ಒಂದು ನಿಮಿಷ ಸಾಕು. ಮೊದಲು ಬಂದವರಿಗೆ ಸರ್ವರ್ ಬಹುತೇಕ ಖಾಲಿ ಇತ್ತು. ಗಡುವಿನಲ್ಲಿ ಉಳಿದ ಸಮಯ ಅಳವಡಿಕೆಗೇ ಸಿಕ್ಕಿತು. ಆಮೇಲೆ ಐವತ್ತು ಜನ ಅರ್ಧ ಗಂಟೆಯ ಅಂತರದಲ್ಲಿ ಬಂದು ಕಂಪ್ಯೂಟರ್ ಶುರುಮಾಡಿದಾಗ ಅದೇ ಸರ್ವರಿನ ಒಂದೇ ನೆಟ್‌ವರ್ಕ್ ಕಾರ್ಡನ್ನು ಎಲ್ಲರೂ ಹಂಚಿಕೊಳ್ಳಬೇಕಾಯಿತು. 64 ಯಂತ್ರಗಳಿಗೆ ಒಟ್ಟು 384 ಜಿಬಿ ಸಾಗಬೇಕು, ಅದಕ್ಕೆ ಕಾಗದದ ಮೇಲೆಯೇ ಒಂದು ಗಂಟೆ ಬೇಕು. ವಾಸ್ತವದಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ, ಏಕೆಂದರೆ ಸೆಟಪ್ ಎನ್ನುವುದು ಒಂದು ದೊಡ್ಡ ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಹೋಗುವುದಿಲ್ಲ. ಸಾವಿರಾರು ಸಣ್ಣ ಕಡತಗಳನ್ನು ಹಿಂದೆ ಮುಂದೆ ಹುಡುಕಿ ಓದುತ್ತದೆ. ಸರ್ವರಿನಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಐವತ್ತು ಕಡೆಯಿಂದ ಬರುವ ಇಂಥ ಓದುಗಳಿಗೆ ಅದು ನೆಟ್‌ವರ್ಕಿಗಿಂತ ಮೊದಲೇ ಸೋತುಹೋಗುತ್ತದೆ.

ನೀವು ಕೇಳಿದ ಹೊಸ ಸ್ವಿಚ್ ವಿಚಾರಕ್ಕೆ ಇದರಿಂದಲೇ ಉತ್ತರ ಸಿಗುತ್ತದೆ. ಸರ್ವರಿನ ಕಾರ್ಡು ಒಂದು ಗಿಗಾಬಿಟ್ಟಿನದಾಗಿ, ಡಿಸ್ಕ್ ಹಳೆಯದಾಗಿ, ಶಾಖೆಯ ಲೈನ್ 50 ಎಂಬಿಪಿಎಸ್ ಆಗಿಯೇ ಉಳಿದಿರುವಾಗ ನಡುವಿನ ಸ್ವಿಚ್ ಒಂದನ್ನೇ ಹತ್ತು ಪಟ್ಟು ವೇಗದ್ದಾಗಿಸಿದರೆ ಏನೂ ಬದಲಾಗುವುದಿಲ್ಲ. ಆ ಖರ್ಚು ಬೇಡ. ಹಾಗೆಯೇ ಹತ್ತು ನಿಮಿಷದ ಗಡುವನ್ನು ಎರಡು ಗಂಟೆಗೆ ಏರಿಸಿಬಿಡೋಣ ಎಂಬ ಯೋಚನೆ ನಿಮಗೆ ಈ ಹೊತ್ತಿಗೆ ಬಂದಿರಬಹುದು, ಅದೂ ಬೇಡ. ಸ್ಟಾರ್ಟಪ್ ಸ್ಕ್ರಿಪ್ಟ್ ಮುಗಿಯುವ ತನಕ ಲಾಗಿನ್ ಪರದೆ ಬಾರದಂತೆ ನಿಮ್ಮಲ್ಲಿ ಹೊಂದಿಸಿರುವಂತೆ ಕಾಣುತ್ತದೆ. ಹಾಗಿರುವಾಗ ಗಡುವು ಏರಿಸುವುದೆಂದರೆ ನಿಮ್ಮ ಸಹೋದ್ಯೋಗಿಗಳನ್ನು ಎರಡು ಗಂಟೆ ಖಾಲಿ ಪರದೆಯ ಮುಂದೆ ಕೂರಿಸುವುದು ಎಂದೇ ಅರ್ಥ.

ಸೈಲೆಂಟ್ ಇನ್‌ಸ್ಟಾಲ್ ನಂಬಿಕೆಗೆ ಅರ್ಹವಲ್ಲ ಎನ್ನುವ ನಿಮ್ಮ ಮುಖ್ಯಸ್ಥರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಈ ಅಭಿಪ್ರಾಯ ಹುಟ್ಟುವುದಕ್ಕೆ ಕಾರಣವಿದೆ. ಕೈಯಿಂದ ಅಳವಡಿಸುವಾಗಲೂ ಸೈಲೆಂಟಾಗಿ ಅಳವಡಿಸುವಾಗಲೂ ಕೆಲಸ ಮಾಡುವುದು ಅದೇ ಸೆಟಪ್. ಆದರೆ ಕೈಯಿಂದ ಮಾಡುವಾಗ ನಾವು ಅರಿವಿಲ್ಲದೆಯೇ ಹತ್ತಾರು ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುತ್ತೇವೆ: ಲೈಸೆನ್ಸ್ ಒಪ್ಪಿಗೆಯೇ, ಯಾವ ಫೋಲ್ಡರು, ಯಾವ ಭಾಗಗಳು ಬೇಕು, ತೆರೆದಿರುವ ಈ ಪ್ರೋಗ್ರಾಮನ್ನು ಮುಚ್ಚಲೇ, ಈಗ ರೀಸ್ಟಾರ್ಟ್ ಮಾಡಲೇ. ಸೈಲೆಂಟ್ ಎಂದರೆ ಈ ಎಲ್ಲ ಉತ್ತರಗಳನ್ನೂ ಮುಂಚಿತವಾಗಿ ಬರೆದುಕೊಡುವುದು. ಒಂದೇ ಒಂದು ಉತ್ತರ ಬಿಟ್ಟುಹೋದರೂ ಸೆಟಪ್ ಪ್ರಶ್ನೆಯ ಕಿಟಕಿಯನ್ನು ತೆರೆದು ಕಾಯುತ್ತದೆ. ವಿಂಡೋಸ್ ವಿಸ್ಟಾದಿಂದ ಈಚೆಗೆ ಹಿನ್ನೆಲೆಯ ಸೇವೆಗಳು ಬಳಕೆದಾರನ ಪರದೆಯಿಂದ ಬೇರ್ಪಟ್ಟ ಸೆಷನ್ ಸೊನ್ನೆಯಲ್ಲಿ ಓಡುವುದರಿಂದ ಆ ಕಿಟಕಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಯಂತ್ರ ಸುಮ್ಮನೆ ಸತ್ತು ಬಿದ್ದಂತೆ ತೋರುತ್ತದೆ. ಹೀಗೆ ಕಾಣದ ಪ್ರಶ್ನೆಗೆ ಇಡೀ ರಾತ್ರಿ ಉತ್ತರ ಕಾದು ಕೂತ ಯಂತ್ರಗಳನ್ನು ನಾನು ಎಷ್ಟೋ ಕಚೇರಿಗಳಲ್ಲಿ ಕಂಡಿದ್ದೇನೆ.

ಇದರ ಜೊತೆಗೆ, ಸ್ಟಾರ್ಟಪ್ ಸ್ಕ್ರಿಪ್ಟು ಓಡುವುದು ನಿಮ್ಮ ಹೆಸರಿನಲ್ಲಿ ಅಲ್ಲ, ವಿಂಡೋಸ್ ತನ್ನ ಸ್ವಂತ ಕೆಲಸಗಳಿಗೆ ಬಳಸುವ ಸಿಸ್ಟಂ ಖಾತೆಯಲ್ಲಿ. ವೃತ್ತಿಯ ಆರಂಭದಲ್ಲಿ ಕಚೇರಿಯೊಂದರಲ್ಲಿ ನಾನು ನನ್ನದೇ ಲಾಗಿನ್‌ನಲ್ಲಿ ಮೂರು ದಿನ ಪರೀಕ್ಷಿಸಿದ ಪ್ಯಾಕೇಜ್ ಎಲ್ಲ ಯಂತ್ರಗಳಲ್ಲೂ ಒಂದೇ ಸಮನೆ ವಿಫಲವಾಗಿತ್ತು. ನನ್ನ ಸ್ಕ್ರಿಪ್ಟಿನಲ್ಲಿ ಜ಼ೆಡ್ ಡ್ರೈವ್ ಎಂದು ಬರೆದಿದ್ದೆ. ಆ ಡ್ರೈವ್ ನನ್ನ ಲಾಗಿನ್‌ಗೆ ಮಾತ್ರ ಜೋಡಿಸಿದ್ದು, ಸಿಸ್ಟಂ ಖಾತೆಗೆ ಅಂಥದೊಂದು ಇರುವುದೇ ಗೊತ್ತಿರಲಿಲ್ಲ. ಸರ್ವರಿನ ಹೆಸರಿನಿಂದ ಆರಂಭವಾಗುವ ಪೂರ್ತಿ ದಾರಿಯನ್ನೇ ಬರೆಯಬೇಕು, ಮತ್ತು ಸಿಸ್ಟಂ ಖಾತೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಹೆಸರಿನಲ್ಲಿ ಗುರುತಿಸಿಕೊಳ್ಳುವುದರಿಂದ ಆ ಫೋಲ್ಡರನ್ನು ಓದುವ ಹಕ್ಕನ್ನು ಡೊಮೈನಿನ (ಒಂದೇ ಆಡಳಿತದಡಿ ಸೇರಿಸಿದ ಕಚೇರಿಯ ಜಾಲದ) ಕಂಪ್ಯೂಟರುಗಳ ಗುಂಪಿಗೆ ಕೊಡಬೇಕು. ನಿಮ್ಮ 11 ಯಂತ್ರಗಳಲ್ಲಿ ಕೆಲಸ ಆಗಿರುವುದರಿಂದ ಇದನ್ನು ನೀವು ಸರಿಯಾಗಿಯೇ ಮಾಡಿದ್ದೀರಿ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನ ಪ್ಯಾಕೇಜಿನ ಪರೀಕ್ಷೆಯನ್ನು ಸಿಸ್ಟಂ ಖಾತೆಯಲ್ಲಿ ಓಡಿಸಿಯೇ ನೋಡಬೇಕು. ನಿಮ್ಮ ಲಾಗಿನ್‌ನಲ್ಲಿ ಆಯಿತೆಂಬುದು ಏನನ್ನೂ ಸಾಬೀತು ಮಾಡುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸಾಗಿಸುವುದು ಬೇರೆ, ಅಳವಡಿಸುವುದು ಬೇರೆ, ಆಯಿತೇ ಎಂದು ನೋಡುವುದು ಬೇರೆ. ನಿಮ್ಮ ಸ್ಕ್ರಿಪ್ಟ್ ಈ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡಲು ಹೋಯಿತು. ಸಣ್ಣ ತಂತ್ರಾಂಶಕ್ಕೆ ಅದು ನಡೆದುಹೋಗುತ್ತದೆ, 6 ಜಿಬಿಗೆ ನಡೆಯುವುದಿಲ್ಲ. ಮೊದಲು ಪ್ಯಾಕೇಜನ್ನು ಪ್ರತಿ ಯಂತ್ರದ ಸ್ವಂತ ಡಿಸ್ಕಿಗೆ ಮೂರು ನಾಲ್ಕು ದಿನಗಳಲ್ಲಿ, ಅವಸರವಿಲ್ಲದೆ, ಜನರ ಕೆಲಸಕ್ಕೆ ಅಡ್ಡಿಯಾಗದಂತೆ ತಲುಪಿಸಿ. ತಲುಪಿದ್ದು ಪೂರ್ತಿಯಾಗಿದೆಯೇ ಎಂದು ಪರೀಕ್ಷಿಸಿ. ಆಮೇಲೆ ನೀವು ಗೊತ್ತುಮಾಡಿದ ಸಂಜೆಯಲ್ಲಿ ಪ್ರತಿ ಯಂತ್ರವೂ ತನ್ನ ಡಿಸ್ಕಿನಿಂದಲೇ ಅಳವಡಿಸಿಕೊಳ್ಳಲಿ. ಆ ಹೊತ್ತಿನಲ್ಲಿ ನೆಟ್‌ವರ್ಕ್ ಕಡಿದುಹೋದರೂ ಅಳವಡಿಕೆಗೆ ತೊಂದರೆಯಾಗುವುದಿಲ್ಲ, ಒಂದು ಯಂತ್ರದ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ.

ಸಾಗಣೆಗೆ ವಿಂಡೋಸಿನಲ್ಲೇ ಇರುವ, ಕಡತಗಳನ್ನು ನಕಲು ಮಾಡುವ ರೋಬೋಕಾಪಿ ಆಜ್ಞೆ ಸಾಕು. ಮಧ್ಯದಲ್ಲಿ ನಿಂತರೆ ನಿಂತಲ್ಲಿಂದಲೇ ಮುಂದುವರಿಯುವ ಆಯ್ಕೆಯೂ, ಪ್ಯಾಕೆಟ್ಟುಗಳ ನಡುವೆ ಅಂತರ ಬಿಟ್ಟು ನಿಧಾನವಾಗಿ ಕಳಿಸುವ ಆಯ್ಕೆಯೂ ಅದರಲ್ಲಿವೆ. ಇದರಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ರೋಬೋಕಾಪಿ ಕಡತಗಳನ್ನು ಯಶಸ್ವಿಯಾಗಿ ನಕಲು ಮಾಡಿದಾಗ, ಕೆಲಸ ಹೇಗಾಯಿತೆಂದು ತಿಳಿಸಲು ಹಿಂತಿರುಗಿಸುವ ಸಂಖ್ಯೆ 1, ಸೊನ್ನೆಯಲ್ಲ. ಸೊನ್ನೆ ಬಂದರೆ ನಕಲು ಮಾಡುವುದಕ್ಕೆ ಏನೂ ಇರಲಿಲ್ಲ ಎಂದು ಅರ್ಥ. 8 ಮತ್ತು ಅದಕ್ಕಿಂತ ಮೇಲಿನವು ಮಾತ್ರ ವೈಫಲ್ಯ. ಸೊನ್ನೆಯಲ್ಲದ್ದೆಲ್ಲ ತಪ್ಪು ಎಂದು ಬರೆದ ಸ್ಕ್ರಿಪ್ಟ್, ಸರಿಯಾಗಿ ಬಂದ ಪ್ಯಾಕೇಜನ್ನೂ ತಿರಸ್ಕರಿಸುತ್ತದೆ. ಹಿನ್ನೆಲೆ ಸಾಗಣೆಗೆಂದೇ ಇರುವ ಬಿಟ್ಸ್ ಸೇವೆಯನ್ನೂ ಬಳಸಬಹುದು, ಆದರೆ ಲೈನ್ ಖಾಲಿ ಇದೆಯೇ ಎಂದು ಅದು ಮುಖ್ಯವಾಗಿ ತನ್ನ ಯಂತ್ರದ ಕಾರ್ಡನ್ನು ನೋಡಿ ಅಂದಾಜು ಮಾಡುತ್ತದೆ. ಶಾಖೆಯ 14 ಯಂತ್ರಗಳೂ ನನ್ನ ಕಾರ್ಡು ಖಾಲಿ ಇದೆ ಎಂದುಕೊಂಡು ಒಟ್ಟಿಗೆ ಎಳೆದರೆ, ಹೊರಗಿನ 50 ಎಂಬಿಪಿಎಸ್ ಲೈನ್ ಉಸಿರುಗಟ್ಟುತ್ತದೆ. ಪಾಲಿಸಿಯಲ್ಲಿ ವೇಗದ ಮಿತಿ ಹಾಕಿಯೇ ಅದನ್ನು ಬಳಸಿ.

ಶಾಖೆಗೆ ನನ್ನ ಸಲಹೆ ಇನ್ನೂ ಸರಳ. ಆ ಲೈನಿನ ಮೇಲೆ ಪ್ಯಾಕೇಜ್ ಒಂದೇ ಬಾರಿ ದಾಟಲಿ. ಅಲ್ಲಿ ಸದಾ ಚಾಲೂ ಇರುವ ಒಂದು ಯಂತ್ರವನ್ನು ಆರಿಸಿ, ರಾತ್ರಿ ಅದಕ್ಕೆ ಕಳಿಸಿ, ಉಳಿದ 13 ಯಂತ್ರಗಳು ಅದರಿಂದ ಪಡೆಯಲಿ. ಲೈನ್ ತೀರಾ ತುಂಬಿರುವುದಾದರೆ ಪೆನ್‌ಡ್ರೈವಿನಲ್ಲಿ ಒಂದು ಪ್ರತಿಯನ್ನು ಕಳಿಸಿ ಆ ಒಂದು ಯಂತ್ರಕ್ಕೆ ಹಾಕಿಸಿ. ನಿಮ್ಮ ಮುಖ್ಯಸ್ಥರ ಪೆನ್‌ಡ್ರೈವಿಗೆ ನಿಜವಾದ ಉಪಯೋಗ ಇರುವುದು ಇಲ್ಲಿ. 78 ಮೇಜುಗಳಿಗೂ ಅದನ್ನೇ ಹಿಡಿದು ಹೋಗುವುದಾದರೆ ಒಂದಕ್ಕೆ 40 ನಿಮಿಷ ಎಂದು ಹಿಡಿದರೂ 52 ಗಂಟೆಯ ಕೆಲಸವಾಗುತ್ತದೆ. ಅಷ್ಟು ಹೊತ್ತು ಒಂದೇ ಗಮನದಿಂದ ಒಂದೇ ಆಯ್ಕೆಗಳನ್ನು ಒತ್ತುತ್ತಾ ಹೋಗುವುದು ಯಾರಿಂದಲೂ ಆಗದು. ಕೊನೆಯಲ್ಲಿ ಒಂದೊಂದು ಯಂತ್ರ ಒಂದೊಂದು ರೀತಿ ಇರುತ್ತದೆ.

ತಲುಪಿದ ಪ್ಯಾಕೇಜಿನ ಪರೀಕ್ಷೆಗೆ ಕಡತದ ಗಾತ್ರ ನೋಡಿದರೆ ಸಾಲದು. ಕಡತದ ಬೆರಳಚ್ಚಿನಂತಿರುವ ಶಾ-256 ಮೊತ್ತವನ್ನು ಲೆಕ್ಕ ಹಾಕಿಸಿ ಮೂಲದ್ದರೊಂದಿಗೆ ಹೋಲಿಸಿ. ಇದು ಅರ್ಧ ನಕಲಾದ ಕಡತವನ್ನು ಹಿಡಿಯುವುದಕ್ಕೆ ಮಾತ್ರವಲ್ಲ, ಸುರಕ್ಷತೆಗೂ ಬೇಕು. ಸಿ ಡ್ರೈವಿನ ಬುಡದಲ್ಲೇ ಒಂದು ಹೊಸ ಫೋಲ್ಡರ್ ಮಾಡಿದರೆ, ಅದರೊಳಗಿನದನ್ನು ಬದಲಾಯಿಸುವ ಹಕ್ಕು ಸಾಮಾನ್ಯ ಬಳಕೆದಾರರಿಗೂ ತಾನಾಗಿ ಬರುತ್ತದೆ. ಮೂರು ದಿನ ಅಲ್ಲಿ ಬಿದ್ದಿರುವ ಸೆಟಪ್ಪನ್ನು ಯಾರಾದರೂ, ಅಥವಾ ಅವರ ಖಾತೆಯಲ್ಲಿ ಸೇರಿಕೊಂಡ ದುಷ್ಟ ತಂತ್ರಾಂಶ, ಬದಲಾಯಿಸಿಟ್ಟರೆ ನಾಲ್ಕನೆಯ ದಿನ ನೀವೇ ಅದನ್ನು ಸಿಸ್ಟಂ ಖಾತೆಯ ಸಂಪೂರ್ಣ ಅಧಿಕಾರದಲ್ಲಿ ಓಡಿಸಿದಂತಾಗುತ್ತದೆ. ಆ ಫೋಲ್ಡರಿಗೆ ಬರೆಯುವ ಹಕ್ಕು ಸಿಸ್ಟಂ ಮತ್ತು ಅಡ್ಮಿನ್‌ಗಳಿಗೆ ಮಾತ್ರ ಇರುವಂತೆ ಮೊದಲೇ ಬಿಗಿಮಾಡಿ. ಈ ವಿಧಾನದಲ್ಲಿ ನನಗೆ ಅತ್ಯಂತ ಆತಂಕ ಹುಟ್ಟಿಸುವ ಅಂಶ ಇದೇ, ಆದ್ದರಿಂದ ದಯವಿಟ್ಟು ಇದನ್ನು ಮುಂದೂಡಬೇಡಿ.

ಎಲ್ಲರಿಗೂ ಎರಡು ದಿನ ಅಡ್ಮಿನ್ ಹಕ್ಕು ಕೊಡುವ ಯೋಚನೆಯನ್ನೂ ಇದೇ ಕಾರಣಕ್ಕೆ ಪೂರ್ತಿ ಕೈಬಿಡಿ. ಕೊಟ್ಟ ಹಕ್ಕನ್ನು ವಾಪಸು ತೆಗೆಯುವುದು ಸುಲಭ. ಆ ಎರಡು ದಿನಗಳಲ್ಲಿ ಏನೇನು ಒಳಗೆ ಸೇರಿಕೊಂಡಿತು ಎಂದು ಪತ್ತೆ ಮಾಡುವುದು ಸುಲಭವಲ್ಲ. ಅಡ್ಮಿನ್ ಪಾಸ್‌ವರ್ಡನ್ನು ಸ್ಕ್ರಿಪ್ಟಿನೊಳಗೆ ಬರೆದಿಡುವುದೂ ಅಷ್ಟೇ ಅಪಾಯ. ಪಾಲಿಸಿಯ ಸ್ಕ್ರಿಪ್ಟುಗಳು ಇರುವ ಫೋಲ್ಡರನ್ನು ಡೊಮೈನಿನ ಎಲ್ಲ ಬಳಕೆದಾರರೂ ಓದಬಲ್ಲರು. ಗೂಢಲಿಪಿಯಲ್ಲಿ ಇಟ್ಟರೆ ಸಾಕು ಎಂದುಕೊಳ್ಳುವಂತೆಯೂ ಇಲ್ಲ. ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನಲ್ಲಿ ಪಾಸ್‌ವರ್ಡುಗಳನ್ನು ಹಾಗೆ ಇಡುವ ಸೌಲಭ್ಯವಿತ್ತು. ಅವುಗಳನ್ನು ಬಿಡಿಸುವ ಕೀಲಿಯೇ ಪ್ರಕಟವಾಗಿದ್ದ ಕಾರಣ 2014ರಲ್ಲಿ ಮೈಕ್ರೋಸಾಫ್ಟ್ ಆ ಸೌಲಭ್ಯವನ್ನು ಮುಚ್ಚಿತು. ಸಿಸ್ಟಂ ಖಾತೆಯಲ್ಲಿ ಓಡುವ ನಿಗದಿತ ಟಾಸ್ಕ್ ಒಂದಿದ್ದರೆ ನಿಮಗೆ ಪಾಸ್‌ವರ್ಡಿನ ಅಗತ್ಯವೇ ಬರುವುದಿಲ್ಲ.

ಅಳವಡಿಸುವ ದಿನ ಮೂರು ವಿಷಯಗಳ ಕಡೆ ಗಮನವಿರಲಿ. ಒಂದು, ಡಿಸ್ಕಿನ ಜಾಗ. 6 ಜಿಬಿ ಪ್ಯಾಕೇಜಿಗೆ 6 ಜಿಬಿ ಜಾಗ ಸಾಲದು. ಮೂಲ ಪ್ರತಿ, ಬಿಚ್ಚಿದ ತಾತ್ಕಾಲಿಕ ಕಡತಗಳು, ಅಳವಡಿಸಿದ ತಂತ್ರಾಂಶ, ವಿಫಲವಾದರೆ ಹಿಂತಿರುಗಲು ಇಟ್ಟುಕೊಳ್ಳುವ ಕಡತಗಳು ಎಲ್ಲವೂ ಒಂದು ಹಂತದಲ್ಲಿ ಒಟ್ಟಿಗೆ ಇರುತ್ತವೆ. ನಾನು ಪ್ಯಾಕೇಜಿನ ನಾಲ್ಕು ಪಟ್ಟು ಖಾಲಿ ಜಾಗ ಇಲ್ಲದ ಯಂತ್ರವನ್ನು ಪಟ್ಟಿಯಿಂದ ಹೊರಗಿಟ್ಟು ಬೇರೆಯಾಗಿ ನೋಡಿಕೊಳ್ಳುತ್ತೇನೆ. ಎರಡು, ಪ್ಯಾಕೇಜನ್ನು ಇಡುವ ಫೋಲ್ಡರಿನ ಹೆಸರು ಚಿಕ್ಕದಾಗಿರಲಿ. ದೊಡ್ಡ ತಂತ್ರಾಂಶಗಳ ಒಳಫೋಲ್ಡರುಗಳು ಬಹಳ ಆಳಕ್ಕೆ ಹೋಗುತ್ತವೆ. ಕಡತದ ಪೂರ್ತಿ ದಾರಿ 260 ಅಕ್ಷರಗಳ ಹಳೆಯ ಮಿತಿಯನ್ನು ದಾಟಿದರೆ, ಕಾರಣವೇ ತಿಳಿಯದ ರೀತಿಯಲ್ಲಿ ಅಳವಡಿಕೆ ಬೀಳುತ್ತದೆ. ಮೂರು, ಸೆಟಪ್ ನಿಜವಾಗಿ ಯಾವಾಗ ಮುಗಿಯಿತು ಎಂಬುದು. ಅನೇಕ ಸೆಟಪ್‌ಗಳು ಇನ್ನೊಂದು ಪ್ರೋಗ್ರಾಮನ್ನು ಶುರುಮಾಡಿಸಿ ತಾವು ತಕ್ಷಣ ಹೊರಟುಬಿಡುತ್ತವೆ. ಸ್ಕ್ರಿಪ್ಟ್ ಕೆಲಸ ಆಯಿತೆಂದುಕೊಂಡು ಯಂತ್ರವನ್ನು ರೀಸ್ಟಾರ್ಟ್ ಮಾಡಿದರೆ, ಒಳಗೆ ಅರ್ಧವಾಗಿದ್ದ ಅಳವಡಿಕೆ ಅಲ್ಲೇ ಮುರಿದುಬೀಳುತ್ತದೆ.

ಹಿಂತಿರುಗುವ ಸಂಖ್ಯೆಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ವಿಂಡೋಸ್ ಇನ್‌ಸ್ಟಾಲರ್ ಬಳಸುವ ಪ್ಯಾಕೇಜುಗಳಲ್ಲಿ 0 ಎಂದರೆ ಯಶಸ್ಸು. 3010 ಎಂದರೂ ಯಶಸ್ಸೇ, ರೀಸ್ಟಾರ್ಟ್ ಒಂದು ಬಾಕಿ ಇದೆ ಅಷ್ಟೆ. ಇದನ್ನು ವೈಫಲ್ಯವೆಂದು ತಿಳಿದು ಮತ್ತೆ ಮತ್ತೆ ಅಳವಡಿಸುವ ಸ್ಕ್ರಿಪ್ಟುಗಳು ಬಹಳ. 1618 ಬಂದರೆ ಆ ಹೊತ್ತಿಗೆ ಇನ್ನೊಂದು ಅಳವಡಿಕೆ ನಡೆಯುತ್ತಿದೆ ಎಂದು ಅರ್ಥ. ವಿಂಡೋಸ್ ಇನ್‌ಸ್ಟಾಲರ್ ಒಮ್ಮೆಗೆ ಒಂದನ್ನೇ ಮಾಡುತ್ತದೆ, ಹತ್ತು ನಿಮಿಷ ಬಿಟ್ಟು ಪುನಃ ಪ್ರಯತ್ನಿಸಿದರೆ ಸಾಕು. 1603 ಮಾತ್ರ ನಿಜವಾದ ತೊಂದರೆ, ಮತ್ತು ಅದು ಕಾರಣವನ್ನು ಹೇಳುವುದಿಲ್ಲ. ಅದಕ್ಕಾಗಿಯೇ ವಿವರವಾದ ಲಾಗ್ ಬರೆಯುವ ಆಯ್ಕೆಯನ್ನು ಯಾವಾಗಲೂ ಹಾಕಿರಬೇಕು. ಆ ಲಾಗ್ ಸಾವಿರಾರು ಸಾಲು ಇರುತ್ತದೆ. ಅದರಲ್ಲಿ ರಿಟರ್ನ್ ವ್ಯಾಲ್ಯೂ 3 ಎಂಬ ಮಾತನ್ನು ಹುಡುಕಿ, ಅದರ ಮೇಲಿನ ಹತ್ತಿಪ್ಪತ್ತು ಸಾಲುಗಳನ್ನು ಓದಿದರೆ ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ಪಟ್ಟಿ ತೆಗೆಸಿದಾಗ ಯಂತ್ರಗಳು ನಿಧಾನವಾದವು ಎಂದಿರಿ. ನೀವು ಬಳಸಿದ್ದು ಡಬ್ಲ್ಯುಎಂಐನ (ಯಂತ್ರದ ಮಾಹಿತಿ ಕೇಳಿ ಪಡೆಯುವ ವಿಂಡೋಸ್ ಸೌಲಭ್ಯ) ಪ್ರಾಡಕ್ಟ್ ವರ್ಗವಾಗಿದ್ದರೆ, ಅದು ಬರೀ ಪಟ್ಟಿ ಕೊಡುವುದಿಲ್ಲ. ಪಟ್ಟಿಯಲ್ಲಿರುವ ಪ್ರತಿ ಪ್ಯಾಕೇಜೂ ಸರಿಯಾಗಿದೆಯೇ ಎಂದು ಪರೀಕ್ಷಿಸುತ್ತದೆ, ಕೆಲವನ್ನು ದುರಸ್ತಿಗೂ ಎತ್ತಿಕೊಳ್ಳುತ್ತದೆ. ಅರ್ಧಕ್ಕೆ ನಿಂತ ಅಳವಡಿಕೆ ಇರುವ ಯಂತ್ರದಲ್ಲಿ ಅದನ್ನು ಓಡಿಸುವುದು ಗಾಯವನ್ನು ಕೆದಕಿದಂತೆ. ಅದರ ಬದಲು ರಿಜಿಸ್ಟ್ರಿಯ (ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಡುವ ದಾಖಲೆ) ಅನ್‌ಇನ್‌ಸ್ಟಾಲ್ ಕೀಲಿಯನ್ನು, ಅಂದರೆ ಆ ಹೆಸರಿನ ವಿಭಾಗವನ್ನು, ಓದಿಸಿ. 32-ಬಿಟ್ ತಂತ್ರಾಂಶಗಳಿಗೆ ಬೇರೆ ಕೀಲಿ ಇದೆ, ಎರಡನ್ನೂ ನೋಡಬೇಕು. ಜೊತೆಗೆ ತಂತ್ರಾಂಶದ ಮುಖ್ಯ ಕಡತ ಇದೆಯೇ, ಅದರ ಆವೃತ್ತಿ ಸರಿಯೇ ಎಂದೂ ನೋಡಿಸಿ.

ಈ ಕೆಲಸ ನಿಮಗೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಬರುವುದಾದರೆ ಮೇಲಿನ ವಿಧಾನವೇ ಸಾಕು, ಹೊಸ ಖರ್ಚಿಲ್ಲ. ಆದರೆ ಯಾವ ಯಂತ್ರ ಎಲ್ಲಿಗೆ ಮುಟ್ಟಿದೆ ಎಂಬ ಲೆಕ್ಕವನ್ನು ನೀವೇ ಇಡಬೇಕು. ತಿಂಗಳಿಗೊಂದು ಬರುವುದಾದರೆ ಕಾನ್ಫಿಗರೇಷನ್ ಮ್ಯಾನೇಜರ್, ಇಂಟ್ಯೂನ್‌ನಂಥ ನಿರ್ವಹಣಾ ಸಾಧನ ತರುವುದು ಒಳ್ಳೆಯದು. ಅವು ಸಾಗಣೆ ಮತ್ತು ಅಳವಡಿಕೆಯನ್ನು ತಾವೇ ಬೇರ್ಪಡಿಸುತ್ತವೆ, ವರದಿಯನ್ನೂ ಕೊಡುತ್ತವೆ. ಅಲ್ಲೂ ಮೂಲ ನಿಗದಿಗಳನ್ನು ನೋಡದೆ ಮುಂದುವರಿಯಬೇಡಿ. ಕಾನ್ಫಿಗರೇಷನ್ ಮ್ಯಾನೇಜರಿನಲ್ಲಿ ಬಂದ ಪ್ಯಾಕೇಜನ್ನು ಇಟ್ಟುಕೊಳ್ಳುವ ಪ್ರತಿ ಯಂತ್ರದ ಕ್ಯಾಶ್‌ಗೆ ಮೂಲತಃ ಇರುವ ಮಿತಿ 5120 ಎಂಬಿ. ನಿಮ್ಮ 6 ಜಿಬಿ ಪ್ಯಾಕೇಜ್ ಅದರಲ್ಲಿ ಹಿಡಿಸುವುದೇ ಇಲ್ಲ. ಇಂಟ್ಯೂನ್ ಒಂದು ಅಳವಡಿಕೆಗೆ ಮೂಲತಃ ಕೊಡುವ ಸಮಯ 60 ನಿಮಿಷ. ನಿಮ್ಮನ್ನು ಈ ಸಲ ಕೆಡವಿದ್ದು ಇಂಥದೇ ಒಂದು ಕಾಣದ ಮಿತಿ.

ಈಗ ಅರ್ಧಕ್ಕೆ ನಿಂತಿರುವ ಯಂತ್ರಗಳ ಮಾತು. ಮೊದಲು ಆ ಸ್ಟಾರ್ಟಪ್ ಸ್ಕ್ರಿಪ್ಟನ್ನು ಪಾಲಿಸಿಯಿಂದ ಇಂದೇ ತೆಗೆಯಿರಿ, ಇಲ್ಲವಾದರೆ ನಾಳೆ ಬೆಳಿಗ್ಗೆ ಅದೇ ಪುನರಾವರ್ತನೆಯಾಗುತ್ತದೆ. ಅಂಥ ಯಂತ್ರಗಳಲ್ಲಿ ನೇರವಾಗಿ ಮತ್ತೆ ಅಳವಡಿಸಲು ಹೋದರೆ ಹಿಂದಿನ ಅಳವಡಿಕೆ ಅಮಾನತಿನಲ್ಲಿದೆ ಎಂಬ 1704ರ ದೋಷ ಬರಬಹುದು. ಅವನ್ನು ಒಮ್ಮೆ ರೀಸ್ಟಾರ್ಟ್ ಮಾಡಿ, ಉಳಿದ ತುಣುಕನ್ನು ತಯಾರಕರ ಅನ್‌ಇನ್‌ಸ್ಟಾಲ್ ಆಜ್ಞೆಯಿಂದ ತೆಗೆಸಿ, ಇನ್ನೊಮ್ಮೆ ರೀಸ್ಟಾರ್ಟ್ ಮಾಡಿದ ಮೇಲಷ್ಟೇ ಹೊಸದಾಗಿ ಹಾಕಿ. ಹಾಕುವಾಗಲೂ ಎಲ್ಲದಕ್ಕೂ ಒಮ್ಮೆಲೇ ಬೇಡ: ಮೊದಲ ಸಂಜೆ ಮೂರು ಯಂತ್ರ, ಅದರಲ್ಲಿ ಒಂದು ಹಳೆಯದು, ಒಂದು ಶಾಖೆಯದು ಇರಲಿ. ಮಾರನೆಯ ದಿನ ಆ ಮೂವರೂ ತಂತ್ರಾಂಶ ತೆರೆದು ನಿಜವಾಗಿ ಕೆಲಸ ಮಾಡಿ ನೋಡಿದ ಮೇಲೆ ಹದಿನೈದು, ಆಮೇಲೆ ಉಳಿದವು. ಯಾವ ಸಂಜೆ ಯಾರ ಯಂತ್ರದ ಸರದಿ, ಎಷ್ಟು ಹೊತ್ತಿಗೆ ಕಡತಗಳನ್ನು ಉಳಿಸಿ ಮುಚ್ಚಿರಬೇಕು, ಯಂತ್ರವನ್ನು ಆಫ್ ಮಾಡದೆ ಬಿಟ್ಟುಹೋಗಬೇಕು ಎಂಬುದನ್ನು ಎರಡು ದಿನ ಮುಂಚೆಯೇ ಅವರಿಗೆ ಬರೆದು ತಿಳಿಸಿ. ಸೈಲೆಂಟ್ ಎನ್ನುವುದು ಸೆಟಪ್ಪಿಗೆ ಮಾತ್ರ ಅನ್ವಯಿಸುವ ಮಾತು. ಆ ಯಂತ್ರದ ಮುಂದೆ ಕೂರುವವರಿಗೆ ಏನು ನಡೆಯಲಿದೆ ಎಂಬುದು ಮೊದಲೇ ಗೊತ್ತಿರಬೇಕು.